ಕುರಿ ಬಿಟ್ಟ ಮಲ್ಲಿಗೆ ತೋಟ

ನನ್ನ ಮೊಮ್ಮಗಳು ಮಾತಾಡಿದಳು. ಇವತ್ತು ಬೆಳಿಗ್ಗೆ, ಕೊಪ್ಪಳದ ಬಗಲಿನ ಭಾಗ್ಯನಗರದ ನಮ್ಮ ಮನೆಯ ಹಿತ್ತಲಲ್ಲಿ, ಬಿಸಿಲು ಇನ್ನೂ ಗೋಡೆ ಇಳಿದಿರಲಿಲ್ಲ, ಆಗ ಮಾತಾಡಿದಳು. ಮೂರು ತುಂಬಿ ನಾಲ್ಕಕ್ಕೆ ಬಿದ್ದ ಮಗು. ಅವ್ವ ಅಂದದ್ದಿಲ್ಲ, ಅಪ್ಪ ಅಂದದ್ದಿಲ್ಲ. ಹಸಿವಾದರೆ ಸೆರಗು ಜಗ್ಗುತ್ತಿತ್ತು, ನಿದ್ದೆ ಬಂದರೆ ತೊಡೆಯ ಮೇಲೆ ಬಂದು ಬೀಳುತ್ತಿತ್ತು. ಅಂಥ ಪಲ್ಲವಿ ಇವತ್ತು ನನ್ನ ಮುಂಗೈ ಗಟ್ಟಿ ಹಿಡಿದು, ಮುಖ ನೋಡಿ, "ಬ್ಯಾಡ" ಅಂದಳು. ಒಂದೇ ಮಾತು, ಗುಡಿಯ ಗಂಟೆ ಹೊಡೆದ ಹಾಗೆ. ನಾನು ಅಲ್ಲೇ ಮಣ್ಣಲ್ಲಿ ಕೂತು ಕಿರುಚಿಬಿಟ್ಟೆ. ಒಳಗೆ ಹೊಲಿಗೆ ಮಷೀನು ತುಳಿಯುತ್ತಿದ್ದ ಸೊಸೆ ರೇಣುಕಾ, ಹಾವೇ ಬಂತು ಅಂದುಕೊಂಡು, ಕೈಯಲ್ಲಿದ್ದ ಕತ್ತರಿ ಸಮೇತ ಓಡಿ ಬಂದಳು.

"ಏನಾತ್ರಿ ಅತ್ತಿ? ಏನ್ ಕಡೀತ್ರಿ?"

"ಏನೂ ಕಡ್ದಿಲ್ಲವ್ವಾ. ನಿನ್ನ ಮಗಳು ಮಾತಾಡ್ಯಾಳ!"

ಅವಳು ನಂಬಲಿಲ್ಲ. ನಂಬುವುದಾದರೂ ಹೇಗೆ, ಪಾಪ. ನಾನು ಮತ್ತೆ ಎಲೆ ತರಿಯಲು ಮಲ್ಲಿಗೆ ಗಿಡಕ್ಕೆ ಕೈ ಹಾಕಿದೆ. ಪಲ್ಲವಿ ನನ್ನ ಕೈ ಮೇಲೆ ಪಟ್ಟಂತ ಒಂದು ಏಟು ಹಾಕಿ, ಮೊದಲಿಗಿಂತ ಜೋರಾಗಿ, "ಬ್ಯಾಡ!" ಅಂದಳು. ರೇಣುಕಾ ಕತ್ತರಿ ಕೆಳಗೆ ಹಾಕಿ ಮಗಳನ್ನು ಎತ್ತಿಕೊಂಡಳು. ಅವಳು ಅಳುತ್ತಾಳೆ, ನಾನು ನಗುತ್ತೇನೆ, ಮಗು ನಮ್ಮಿಬ್ಬರನ್ನೂ ಹುಚ್ಚರನ್ನು ನೋಡಿದ ಹಾಗೆ ನೋಡುತ್ತದೆ.

ಹೋದ ಎರಡು ವರ್ಷ ಈ ಮನೆಯಲ್ಲಿ ಉಂಡ ಅನ್ನ ಯಾರ ಮೈಗೂ ಹತ್ತಿರಲಿಲ್ಲ. ಕೊಪ್ಪಳದಲ್ಲಿ ದವಾಖಾನೆಗೆ ತೋರಿಸಿದೆವು. ಡಾಕ್ಟರಮ್ಮ ಕಿವಿ ನೋಡಿದರು, ಗಂಟಲು ನೋಡಿದರು, ಮಗುವಿನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಪಲ್ಲವಿ ತಿರುಗಿ ನೋಡಿದಳು. ಕಿವಿ ಚೆನ್ನಾಗಿವೆ, ತಪ್ಪದೆ ಕರಕೊಂಡು ಬನ್ನಿ, ಮೊಬೈಲು ಕೊಡಬೇಡಿ, ಮಗುವಿನ ಜೊತೆ ಮಾತಾಡುತ್ತಾ ಇರಿ ಅಂದರು. ನಾನು ಕಲ್ಲಿನ ಮೇಲೆ ಬಜೆ ತೇಯ್ದು ನಾಲಿಗೆಗೆ ಸವರುತ್ತಿದ್ದೆ. ಅದು ಗೊತ್ತಾಗಿ ಬೈದರು, ಬಿಟ್ಟೆ. ಮಾತಾಡುವ ಕೆಲಸ ಮಾತ್ರ ಬಿಡಲಿಲ್ಲ. ಒಗೆಯುವಾಗ, ಕಸ ಹೊಡೆಯುವಾಗ, ಅಕ್ಕಿ ಆರಿಸುವಾಗ ಅವಳನ್ನು ಬಗಲಲ್ಲಿ ಕೂಡ್ರಿಸಿಕೊಂಡು ವಟವಟ ಅನ್ನುತ್ತಲೇ ಇದ್ದೆ. ಓಣಿಯ ಹೆಂಗಸರು ನಕ್ಕರು.

"ಯಮ್ಮಾ, ನೀನಽ ಇಷ್ಟ್ ಮಾತಾಡಿದ್ರ ಆ ಕೂಸಿಗೆ ಸಂದಿ ಎಲ್ಲಿ ಸಿಗಬೇಕಬೇ?"

ನಗಲಿ, ಅದಕ್ಕೆ ಬೇಜಾರಿಲ್ಲ. ನನಗೆ ಸಂಕಟ ಆಗುತ್ತಿದ್ದದ್ದು ಮಗ ಬಸವರಾಜನನ್ನು ನೋಡಿ. ಮುನಿರಾಬಾದಿನಲ್ಲಿ ಜೀಪು ಓಡಿಸುತ್ತಾನೆ. ಮೊದಮೊದಲು ಸಂಜೆ ಬಂದವನೇ ಚಪ್ಪಲಿ ಬಿಡುವ ಮೊದಲು "ಇವತ್ತೇನರ ಅಂದ್ಲೇನಬೇ?" ಅಂತ ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟ. ಕೇಳುವುದನ್ನು ಬಿಟ್ಟನಲ್ಲ, ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಆದರೂ ನಾನು ಕೈಚೆಲ್ಲಿ ಕೂರಲಿಲ್ಲ. ಅದು ನನ್ನ ದೊಡ್ಡಸ್ತಿಕೆಯಲ್ಲ, ನಾನು ಬೆಳೆದ ಮನೆಯ ಗುಣ. ಬರೀ ಕಡ್ಡಿಯಾಗಿ ನಿಂತ ಗಿಡವನ್ನು ನೋಡಿಯೂ "ತಡೀರಿ, ಬಿಡ್ತೈತಿ" ಅನ್ನುವ ಜನ ಅವರು. ಅದೇ ಮನೆಯಲ್ಲಿ, ನಾನು ಚಿಕ್ಕವಳಿದ್ದಾಗ, ಹೀಗೇ ಒಬ್ಬರು ಮಾತಿಲ್ಲದೆ ಇದ್ದರು. ಅವರ ಮಾತೂ ಮಲ್ಲಿಗೆ ಗಿಡದ ಸಲುವಾಗಿಯೇ ಒಡೆಯಿತು.

ಆ ಮನೆ ಇದ್ದದ್ದು ನವಲಿ ಕಡೆಯ ಒಂದು ಹಳ್ಳಿಯಲ್ಲಿ, ಕಾಲುವೆಯ ಬಗಲಿಗೆ. ಮುಂಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಬಲಕ್ಕೆ ಒಂದು ಮೊಳ ಎತ್ತರದ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ನೇರ ಮಲ್ಲಿಗೆ ತೋಟ. ಸುತ್ತಲಿನವರೆಲ್ಲ ಭತ್ತ ಹಚ್ಚಿದ್ದರು. ನಮ್ಮ ಹಿತ್ತಲ ಹೊಲ ಎತ್ತರದ ಕೆಂಪು ನೆಲ, ಅಲ್ಲಿ ನೀರು ನಿಲ್ಲುತ್ತಿರಲಿಲ್ಲ. ಭತ್ತಕ್ಕೆ ಬಾರದ ಆ ನೆಲ ದುಂಡುಮಲ್ಲಿಗೆಗೆ ಹೇಳಿ ಮಾಡಿಸಿದ್ದು. ಬೇರು ನೀರಲ್ಲಿ ನಿಂತರೆ ಮಲ್ಲಿಗೆ ಕೊಳೆಯುತ್ತದೆ. ಆ ತೋಟ ನಮ್ಮಜ್ಜಿಯದು. ಅಪ್ಪ, ಕಾಕಾ ಭತ್ತ ನೋಡಿಕೊಳ್ಳುತ್ತಿದ್ದರು. ಮಲ್ಲಿಗೆಯ ಸಾಲಿಗೆ ಕಾಲಿಡಬೇಕಾದರೆ ಅವರೂ ಅಜ್ಜಿಯನ್ನು ಕೇಳಬೇಕು. ಬೇಸಿಗೆ ಬಂತೆಂದರೆ ಬೆಳಕು ಹರಿಯುವ ಮುಂಚೆ ಮನೆಮಂದಿಯೆಲ್ಲ ಮೊಗ್ಗು ಕೀಳಬೇಕು. ಅರಳಿದ ಹೂವಿಗೆ ಪೇಟೆಯಲ್ಲಿ ಬೆಲೆಯಿಲ್ಲ, ಅರಳುವ ಮನಸ್ಸು ಮಾಡಿದ ಮೊಗ್ಗಿಗೆ ಬೆಲೆ. ಕಿತ್ತ ಮೊಗ್ಗನ್ನು ಪಡಸಾಲೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಹರವಿ, ಆಮೇಲೆ ಬುಟ್ಟಿಗೆ ತುಂಬಿ ಗಂಗಾವತಿಯ ಮೊದಲ ಬಸ್ಸಿಗೆ ಏರಿಸುತ್ತಿದ್ದರು. ಮಧ್ಯಾಹ್ನ ಎರಡನೆಯ ಸಲ ಸಿಕ್ಕ ಮೊಗ್ಗಿಗೂ ಪಡಸಾಲೆಯ ತಂಪು ಮೂಲೆಯೇ ಬೇಕು. ಅವ್ವ ಗೊಣಗುತ್ತಿದ್ದಳು.

"ಹೂವಿಗೆ ಪಡಸಾಲಿ, ಮನಷ್ಯಾರಿಗೆ ದನದ ಬಾಜೂಕ. ಛಲೋ ಮನಿ ಬಿಡವ್ವಾ ಇದು!"

ಸೆಗಣಿಯ ವಾಸನೆ, ಮಲ್ಲಿಗೆಯ ವಾಸನೆ ಎರಡೂ ಕೂಡಿದ್ದೇ ನನಗೆ ಮನೆಯ ವಾಸನೆ. ಬರೀ ಮಲ್ಲಿಗೆ ಮೂಸಿದರೆ ಈಗಲೂ ಏನೋ ಕಡಿಮೆ ಅನ್ನಿಸುತ್ತದೆ. ಕುಡಿಯುವ ನೀರಿನ ಗಡಿಗೆಯಲ್ಲಿ ನಾಲ್ಕು ಮೊಗ್ಗು ತೇಲುತ್ತಿದ್ದವು. ನಮಗೆ ಬಾಯಿ ಹುಣ್ಣಾದರೆ ಅಜ್ಜಿ ಮಲ್ಲಿಗೆಯ ಎಲೆ ಅಗಿದು ಉಗುಳಲು ಹೇಳುತ್ತಿದ್ದಳು. ಕಹಿಗೆ ಮುಖ ಸಿಂಡರಿಸಿದರೆ ಬೆನ್ನಿಗೆ ಒಂದು ಗುದ್ದು. ಭತ್ತದ ರಾಶಿ ಮಾಡಿ ಬಂದ ಅಪ್ಪ ಕಣ್ಣು ಉರಿ ಅಂದರೆ, ನೀರಲ್ಲಿ ನೆನೆಸಿದ ಹೂವನ್ನು ರೆಪ್ಪೆಯ ಮೇಲಿಟ್ಟು ಮಲಗಿಸುತ್ತಿದ್ದಳು. ಮೀಸೆಯ ಅಪ್ಪ ಎರಡೂ ಕಣ್ಣಿಗೆ ಹೂ ಇಟ್ಟುಕೊಂಡು ಮಲಗಿದ್ದು ನೋಡಿ ನಾನೂ ಅವ್ವನೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು.

ಇಷ್ಟು ಮುದ್ದು ಮಾಡುವ ಅಜ್ಜಿ ವರ್ಷಕ್ಕೊಮ್ಮೆ ಆ ಗಿಡಗಳಿಗೆ ಮಲತಾಯಿ ಆಗುತ್ತಿದ್ದಳು. ಚಳಿ ಬಿದ್ದು ಎಳ್ಳಮಾಸಿಯ ಅಮಾವಾಸ್ಯೆ ಆಯಿತೆಂದರೆ ನೀರು ಬಂದ್. ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತದೆ, ನಮ್ಮ ಮಲ್ಲಿಗೆಗೆ ಒಂದು ತಂಬಿಗೆ ಇಲ್ಲ. ಎಲೆ ಹಳದಿಯಾಗಿ ಜೋಲು ಬೀಳುತ್ತವೆ. ಚೆನ್ನಾಗಿ ಬಾಡಿದ ಮೇಲೆ ಕುರುಬರಿಗೆ ಹೇಳಿಕಳಿಸಿ ತೋಟಕ್ಕೆ ಕುರಿ ಬಿಡಿಸುತ್ತಿದ್ದಳು. ಕುರಿ ಎಲೆಯೆಲ್ಲ ತಿಂದು, ಹಿಕ್ಕೆ ಹಾಕಿ ಹೋಗುತ್ತವೆ. ಹಿಂದೆಯೇ ಕುಡುಗೋಲಿನಿಂದ ತುದಿ ಸವರಿ, ಬುಡ ಅಗೆದು ಗೊಬ್ಬರ ಕೊಡುವುದು. ಬಿಸಿಲು ಬಲಿತು ಕಡ್ಡಿಯ ಕಣ್ಣು ಉಬ್ಬಿದಾಗ ನೀರು ಬಿಡುವುದು. ಆಗ ನೋಡಬೇಕು, ಎಲೆಗಿಂತ ಮೊಗ್ಗೇ ಹೆಚ್ಚು!

"ಹೊಟ್ಟಿ ತುಂಬಿದ ಗಿಡ ಎಲಿ ಬಿಡ್ತೈತಿ, ಹಸದ ಗಿಡ ಹೂ ಬಿಡ್ತೈತಿ."

ಅಜ್ಜಿ ಇದನ್ನು ಹೇಳುತ್ತಿದ್ದದ್ದು ಗಿಡದ ಬಗ್ಗೆ ಮಾತ್ರ. ನಮಗೆ ಮಾತ್ರ ಹೊಟ್ಟೆ ಬಿರಿಯುವ ಹಾಗೆ ಬಡಿಸುತ್ತಿದ್ದಳು.

ಆ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಕಾಕಾನಿಗೆ ಮದುವೆಯಾಯಿತು. ಹೆಣ್ಣು ಕುಷ್ಟಗಿ ಕಡೆಯವಳು, ಹೆಸರು ನೀಲವ್ವ. ನನಗೆ ಸಣ್ಣವ್ವ. ಅವಳ ತವರು ಮಳೆ ನಂಬಿದ ಸೀಮೆ. ಸಜ್ಜೆ, ಜೋಳ ಬೆಳೆದು, ದೂರದ ಬಾವಿಯಿಂದ ನೀರು ಹೊತ್ತು, ಮುಖ ತೊಳೆದ ನೀರನ್ನೂ ಬೇವಿನ ಗಿಡದ ಬುಡಕ್ಕೆ ಚೆಲ್ಲುವ ಜನ. ನಮ್ಮದು ಕಾಲುವೆಯ ಊರು, ಮೂರು ಹೊತ್ತೂ ಅನ್ನ, ಮೇಲೆ ಅನ್ನ ಉಣ್ಣುವ ಸೊಕ್ಕು ಬೇರೆ. ಮದುವೆಯಾಗಿ ಬಂದ ಮೊದಲ ದಿನ ಊಟಕ್ಕೆ ಕೂತಾಗ ಸಣ್ಣವ್ವ ತಟ್ಟೆ ನೋಡಿ ಮೆಲ್ಲಗೆ ಕೇಳಿದಳು.

"ರೊಟ್ಟಿ ಇಲ್ಲೇನ್ರಿ?"

ನಮ್ಮ ಕಡೆಯ ನೆಂಟರ ಹೆಂಗಸರು, ಓಣಿಯ ಹೆಂಗಸರು ಎಲ್ಲ ಸೇರಿದ್ದರು. ಗೊಳ್ಳೆಂದು ನಕ್ಕರು.

"ಅಯ್ಯ, ಅನ್ನದ ಮುಂದ ಕೂತು ರೊಟ್ಟಿ ಕೇಳ್ತಾಳ! ಕುಷ್ಟಗಿಯಾಕಿ ಹಬ್ಬಕ್ಕೊಮ್ಮೆ ಅನ್ನ ನೋಡಿದಾಕಿ, ಆಕಿಗೇನ್ ತಿಳೀಬೇಕು."

ಆಡಿಕೊಂಡವರು ಉಂಡು ಎದ್ದು ಹೋದರು. ಸಣ್ಣವ್ವನ ಬಾಯಿ ಮುಚ್ಚಿದ್ದು ಮುಚ್ಚಿತು. ಅಜ್ಜಿ ಏನು ಕೇಳಿದರೂ ತಲೆ ಆಡಿಸುವುದು, ಅವ್ವ ಕರೆದರೆ ಬಂದು ಮುಂದೆ ನಿಲ್ಲುವುದು. ಕೆಲಸದಲ್ಲಿ ಒಂದು ಕೂದಲೆಳೆಯ ತಪ್ಪಿಲ್ಲ. ಸೆಗಣಿ ಬಾಚುವಳು, ಪಾತ್ರೆ ಬೆಳಗುವಳು, ನನ್ನ ಜಡೆ ಹೆಣೆದು ಹೂ ಮುಡಿಸುವಳು. ಮಾತು ಮಾತ್ರ ಇಲ್ಲ. ದಿನ ಕಳೆದ ಹಾಗೆ ಊರಿಗೆ ಗೊತ್ತಾಯಿತು. ಮೂಗಿಯನ್ನು ತಂದುಕೊಂಡಿದ್ದಾರೆ, ಬೀಗರು ಮೋಸ ಮಾಡಿದ್ದಾರೆ ಅಂತ ಬಾವಿಕಟ್ಟೆಯ ತುಂಬ ಮಾತು. ಮೊದಲ ದಿನ ಅವಳು ರೊಟ್ಟಿ ಕೇಳಿದ್ದು ಯಾರಿಗೂ ನೆನಪೇ ಇಲ್ಲ, ನಕ್ಕಿದ್ದು ಮಾತ್ರ ನೆನಪಿದೆ. ಕೊನೆಗೆ ಅಜ್ಜಿಯೂ ಒಂದು ಸಂಜೆ ಕಾಕಾನ ಮುಂದೆ ಆ ಮಾತು ಆಡಿಯೇಬಿಟ್ಟಳು.

"ಯುಗಾದಿಗೆ ಆಕಿನ್ನ ತವರಿಗೆ ಕಳಸೂಣು. ಹೊಳ್ಳಿ ಕರ್ಕೊಂಡು ಬರೂದು ಬ್ಯಾಡ. ಮಾತಿಲ್ಲದ ಮನ್ಯಾಗ ನೀ ಹೆಂಗ ಬಾಳೇ ಮಾಡ್ತೀಯೋ?"

"ನಾ ಏನ್ ಆಕಿನ್ನ ಹಾಡಾಕ ತಂದೀನೇನಬೇ?" ಅಂದ ಕಾಕಾ. ಎತ್ತಿನ ಕೋಡಿಗೆ ಎಣ್ಣೆ ಹಚ್ಚುತ್ತಿದ್ದವನು ತಲೆ ಎತ್ತಲಿಲ್ಲ. ಆದರೆ ಅವನ ಕೈ ನಿಂತಿತ್ತು. ನಾನು ದನದ ಮರೆಯಲ್ಲಿ ನಿಂತು ಕೇಳಿದೆ. ಸಣ್ಣವ್ವ ಹೋಗಿಬಿಟ್ಟರೆ ನನ್ನ ಜಡೆ ಯಾರು ಹಾಕಬೇಕು, ಕಾಲುವೆಗೆ ನನ್ನನ್ನು ಯಾರು ಕರಕೊಂಡು ಹೋಗಬೇಕು ಅನ್ನುವುದೇ ನನ್ನ ಚಿಂತೆ. ಅವಳನ್ನು ಮಾತಾಡಿಸಲು ನಾನು ಮಾಡದ ಚೇಷ್ಟೆ ಇಲ್ಲ. ಕಚಗುಳಿ ಇಟ್ಟೆ, ಸೆರಗಿನೊಳಗೆ ಮಿಡತೆ ಬಿಟ್ಟೆ. ಮಿಡತೆಯನ್ನು ಹಿಡಿದು ಬೇಲಿಯಾಚೆ ಬಿಟ್ಟು ಬಂದಳೇ ಹೊರತು ಕೂಗಲಿಲ್ಲ.

ಅಷ್ಟರಲ್ಲಿ ಎಳ್ಳಮಾಸಿ ಆಗಿ ತೋಟಕ್ಕೆ ನೀರು ನಿಂತಿತ್ತು. ಸಣ್ಣವ್ವನಿಗೆ ಇದೆಲ್ಲ ಯಾರೂ ಹೇಳಿರಲಿಲ್ಲ. ಮಾತಾಡದವರಿಗೆ ಜನ ಹೇಳುವುದನ್ನೂ ಬಿಟ್ಟುಬಿಡುತ್ತಾರೆ. ಬಾಡಿದ ಗಿಡ ನೋಡಿ ಅವಳ ಜೀವ ತಡೆಯಲಿಲ್ಲ ಅಂತ ಕಾಣುತ್ತದೆ. ಕೊಡ ಹೊತ್ತು ಬರುವಾಗ ಹಿಂಬಾಗಿಲಿನ ಹತ್ತಿರದ ಗಿಡಗಳಿಗೆ ಒಂದಿಷ್ಟು ಬಗ್ಗಿಸಿ ಬರುತ್ತಿದ್ದಳು. ಅಜ್ಜಿ ಒದ್ದೆ ಮಣ್ಣು ನೋಡಿ ಕಾಕಾನನ್ನು ಹಿಡಿದು ಝಾಡಿಸಿದಳು.

"ಕೈಕಾಲು ತೊಳಕೊಳ್ಳಾಕ ನಿನಗ ನನ್ನ ಮಲ್ಲಿಗೀನಽ ಬೇಕೇನೋ ಭಾಡ್ಯಾ?"

ಕಾಕಾ ಬಿಟ್ಟ ಬಾಯಿ ಬಿಟ್ಟಂತೆ ನಿಂತಿದ್ದ. ಸಣ್ಣವ್ವ ಒಲೆಯ ಮುಂದೆ ತಲೆ ಬಗ್ಗಿಸಿಕೊಂಡು ಊದುತ್ತಿದ್ದಳು.

ಕುರಿ ಬರುವ ದಿನ ಬಂತು. ಅಜ್ಜಿ ಸ್ನಾನ ಮಾಡಿ, ಮೊದಲ ಗಿಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, "ಸಿಟ್ಟಾಗಬ್ಯಾಡವ್ವಾ, ನಿನ್ನ ಛಲೋದಕ್ಕಽ" ಅಂತ ಕೈ ಮುಗಿದು ಬೇಲಿ ತೆರೆಸಿದಳು. ಕುರಿ ನುಗ್ಗಿದವು. ಅಜ್ಜಿ ಒಳಗೆ ಬಂದು ಚಹಾ ಕುಡಿಯುತ್ತ ಕೂತಳು. ಸಣ್ಣವ್ವ ಆಗ ಮನೆಯಲ್ಲಿರಲಿಲ್ಲ, ನಾನೂ ಅವಳೂ ಕಾಲುವೆಗೆ ಬಟ್ಟೆ ಒಗೆಯಲು ಹೋಗಿದ್ದೆವು. ಹಿಂಡಿದ ಸೀರೆಗಳನ್ನು ಹೆಗಲಿಗೆ ಹಾಕಿಕೊಂಡು ತೋಟದ ಕಡೆಯಿಂದ ಬಂದೆವು. ಬಂದು ನೋಡಿದರೆ ತೋಟದ ತುಂಬ ಕುರಿ. ಕರಕರ ಅಂತ ಎಲೆ ಕಡಿಯುವ ಸದ್ದು. ಬೇಲಿಗೆ ಒರಗಿ ಕುರಿಯ ಯಜಮಾನ ಬೀಡಿ ಸೇದುತ್ತ ನಿಂತಿದ್ದಾನೆ. ಸಣ್ಣವ್ವನ ಹೆಗಲ ಮೇಲಿನ ಒದ್ದೆ ಸೀರೆ ಕೈಗೆ ಬಂತು.

"ಏ ಯಪ್ಪಾ! ಕಣ್ಣು ಎಲ್ಲಿ ಅಡಾ ಇಟ್ಟು ಬಂದೀಯೋ? ಮಂದಿ ಮಕ್ಕಳ ಹಂಗ ಸಾಕಿದ ಗಿಡದಾಗ ಕುರಿ ಬಿಟ್ಟು ಬೀಡಿ ಸೇದ್ತೀಯಲ್ಲೋ! ಹುಶ್! ಹುಶ್! ನಿನ್ನ ಕುರಿಗೆ ಹುಳಾ ಬೀಳಲಿ! ನಮ್ಮತ್ತಿ ನೋಡಿದ್ರ ಎದಿ ಒಡಕೊಂಡು ಸಾಯ್ತಾಳೋ!"

ಒದ್ದೆ ಸೀರೆ ಬೀಸಿದಲ್ಲೆಲ್ಲ ಕುರಿ ಚೆಲ್ಲಾಪಿಲ್ಲಿ. ಪಾಪ, ಆ ಕುರುಬರ ಯಜಮಾನ ಎರಡೂ ಕೈ ಎತ್ತಿಕೊಂಡು ಹಿಂದೆ ಹಿಂದೆ ಸರಿದ.

"ಯಕ್ಕಾ, ನಿಮ್ಮತ್ತಿಯರಽ ಕರಿಸ್ಯಾರ್ರಿ! ದೇವರಾಣಿ, ಕಾಯಿ ಒಡದು ಬಿಟ್ಟಾರ್ರಿ!"

"ಸುಳ್ಳು ಬೊಗಳಬ್ಯಾಡ! ಯಾವ ಹುಚ್ಚಿ ತನ್ನ ತೋಟಕ್ಕ ತಾನಽ ಕುರಿ ಕರಸ್ತಾಳೋ?"

ಆ ಹುಚ್ಚಿ ಚಹಾದ ಬಟ್ಟಲು ಹಿಡಿದುಕೊಂಡು ಹಿಂಬಾಗಿಲಲ್ಲೇ ನಿಂತಿದ್ದಳು. ಹಿಂದೆ ಅವ್ವ, ಅವಳ ಹಿಂದೆ ಕಾಕಾ. ನಾನು ಅಜ್ಜಿಯ ಮುಖ ನೋಡಿದೆ, ಈಗ ಗುಡುಗು ಬೀಳುತ್ತದೆ ಅಂತ. ಅಜ್ಜಿ ಹೊಸ್ತಿಲ ಮೇಲೆ ಕುಸಿದು ಕೂತಳು. ಕೂತು ನಗತೊಡಗಿದಳು. ಚಹಾ ಸೀರೆಯ ಮೇಲೆಲ್ಲ ಚೆಲ್ಲಿತು. ನಗುತ್ತಲೇ ಕಣ್ಣಲ್ಲಿ ನೀರು.

"ಯಾರೂ ಹೇಳಬ್ಯಾಡ್ರಿ ಆಕಿಗೆ. ಇನ್ನೊಂದಿಷ್ಟು ಬೈಲಿ. ಕೇಳೂಣು."

ಕಾಕಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. ಅವನ ಮುಖ ನಾನು ಮದುವೆಯ ದಿನವೂ ಹಾಗೆ ಕಂಡಿರಲಿಲ್ಲ. ಕುರಿ ಅರ್ಧ ತೋಟ ಬಿಟ್ಟು ಬೇಲಿಯಾಚೆ ಹೋದ ಮೇಲೆ ಸಣ್ಣವ್ವ ತಿರುಗಿ ನೋಡಿದಳು. ಮನೆಮಂದಿಯೆಲ್ಲ ಸಾಲಾಗಿ ನಿಂತಿದ್ದು ಕಂಡು ಸೀರೆ ಕೈಯಿಂದ ಜಾರಿತು. ಅಜ್ಜಿ ಎದ್ದು ಹೋಗಿ ಅವಳ ಗದ್ದ ಹಿಡಿದಳು.

"ಇಷ್ಟ್ ಛಂದ ಬೈಯಾಕ ಬರ್ತೈತಿ, ಇಷ್ಟ್ ದಿನ ಯಾಕ ಮುಚ್ಚಿಟ್ಟಿದ್ದೀ ನನ್ನವ್ವಾ?"

"ಮೊದಲ ದಿನ ಒಂದಽ ಮಾತಾಡಿದ್ದೆ, ಎಲ್ಲಾರೂ ನಕ್ರಿ. ಇನ್ನೊಂದು ಆಡಿದ್ರ ಏನ್ ಮಾಡ್ತೀರೋ ಅಂತ ಸುಮ್ಕಿದ್ದೆ."

ಈ ಸಲ ಯಾರೂ ನಗಲಿಲ್ಲ. ಅಜ್ಜಿ ಒಳಗೆ ಹೋಗಿ, ಜೋಳದ ಹಿಟ್ಟಿನ ಡಬ್ಬಿ ತಂದು ಒಲೆಯ ಮುಂದೆ ಇಟ್ಟು, ಹಂಚು ತೊಳೆದು ಏರಿಸಿದಳು. "ಬಡಿ" ಅಂದಳು. ಸಣ್ಣವ್ವ ರೊಟ್ಟಿ ಬಡಿದಳು. ಪಟಪಟ ಸದ್ದು ಕೇಳಿ ಓಣಿಯ ಹೆಂಗಸರು ಬಾಗಿಲಿಗೆ ಬಂದರೆ ಅಜ್ಜಿ ಅವರ ಕೈಗೂ ಒಂದೊಂದು ಬಿಸಿ ರೊಟ್ಟಿ ಕೊಟ್ಟು, ಖಾರದ ಪುಡಿ ಸುರಿದು, ತಿನ್ನುವವರೆಗೂ ಬಿಡಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಬೆಳಿಗ್ಗೆ ರೊಟ್ಟಿ, ಸಂಜೆ ಅನ್ನ. ಯುಗಾದಿಗೆ ಸಣ್ಣವ್ವ ತವರಿಗೆ ಹೋದಳು, ಕಾಕಾ ಜೊತೆಗೇ ಹೋಗಿ ಜೊತೆಗೇ ಕರಕೊಂಡು ಬಂದ.

ಆ ಅರ್ಧ ತೋಟವನ್ನು ಅಜ್ಜಿ ಆ ವರ್ಷ ಹಾಗೇ ಬಿಟ್ಟಳು. "ನಮ್ಮ ಸೊಸಿ ಬಿಡಿಸಿಕೊಂಡ ಗಿಡ, ಇರಲಿ" ಅಂದಳು. ಬೇಸಿಗೆಯಲ್ಲಿ ಕುರಿ ತಿಂದ ಕಡೆ ಮೊಗ್ಗು ಮುತ್ತಿನ ಹಾಗೆ ಹತ್ತಿತು. ಸಣ್ಣವ್ವ ಕಾಪಾಡಿದ ಕಡೆ ಹಸಿರೋ ಹಸಿರು, ಹುಡುಕಿದರೆ ಅಲ್ಲೊಂದು ಇಲ್ಲೊಂದು ಹೂ. ಬುಟ್ಟಿ ಹಿಡಿದು ಆ ಸಾಲಿನಲ್ಲಿ ನಿಂತು ಸಣ್ಣವ್ವನೇ ನಕ್ಕಳು.

"ಇನ್ನ ಎಲಿ ಕಟಗೊಂಡು ಮುಡಕೊಳ್ಳಲೇನ್ರಿ ಅತ್ತಿ?"

ಅವರಿಬ್ಬರ ನಡುವೆ ಬೆಳೆದವಳು ನಾನು. ಅಜ್ಜಿಯಿಂದ ತಡೆದು ನೋಡುವುದು ಕಲಿತೆ. ಸಣ್ಣವ್ವನಿಂದ, ಬಾಡಿದ್ದು ಕಂಡರೆ ಸುಮ್ಮನಿರಲಾಗದ್ದು. ಇವೆರಡೂ ನನ್ನೊಳಗೆ ಈಗಲೂ ಜಗಳಾಡುತ್ತವೆ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು ಕಲಿತದ್ದು ಇಷ್ಟೇ.

ಈಗ ನನಗಿರುವುದು ಒಂದೇ ಮಲ್ಲಿಗೆ ಗಿಡ, ಹಿತ್ತಲ ಗೋಡೆಗೆ ಹತ್ತಿ. ಈ ಓಣಿಗೆ ಕುರಿ ಹಿಂಡು ಎಲ್ಲಿಂದ ತರಲಿ? ಪ್ರತಿ ವರ್ಷ ನೀರು ನಿಲ್ಲಿಸಿ ಬಾಡಿಸಿ, ನಾನೇ ಕೈಯಿಂದ ಎಲೆ ತರಿಯುತ್ತೇನೆ. ಇವತ್ತು ಬೆಳಿಗ್ಗೆ ಅದನ್ನೇ ಮಾಡುತ್ತಿದ್ದೆ, ಪಲ್ಲವಿಗೆ ಹೇಳುತ್ತ: "ನೋಡವ್ವಾ, ಈ ಎಲಿ ತಗೀತೀನಿ, ಈ ಎಲಿ ತಗೀತೀನಿ." ಅವಳು ನೋಡುತ್ತ ನಿಂತಿದ್ದಳು. ನಾಲ್ಕೈದು ಕೊಂಬೆ ಬೋಳಾಗುತ್ತಲೇ ಬಂದು ನನ್ನ ಕೈ ಹಿಡಿದಳು. ಆ ಒಂದು ಮಾತು ಬಂತು. ನಾನು ಕೈ ತೆಗೆದೆ. ಅರ್ಧ ಗಿಡ ಬೋಳು, ಅರ್ಧ ಎಲೆ, ಹಾಗೇ ನಿಂತಿದೆ. ಈ ವರ್ಷ ಹೂ ಕಡಿಮೆ ಬಂದರೆ ಬರಲಿ ಬಿಡಿ!

ಮೊದಲು ಫೋನು ಹಚ್ಚಿದ್ದು ಮಗನಿಗೆ. ಹಾರ್ನಿನ ಸದ್ದಿನ ನಡುವೆ ಮಾತು ಕೇಳಿಸಿಕೊಂಡ. ಆಮೇಲೆ "ಗಾಡಿ ಬದೀಗೆ ಹಚ್ಚೀನಬೇ, ಇನ್ನೊಂದ್ ಸಲ ಹೇಳು" ಅಂದ. ಮತ್ತೆ ಹೇಳಿದೆ. ಮೂಗು ಸೇದುವ ಸದ್ದು ಕೇಳಿತು. ಡಾಕ್ಟರಮ್ಮನಿಗೆ ರೇಣುಕಾ ಫೋನು ಮಾಡಿದಳು. ಬಹಳ ಸಂತೋಷ, ಇನ್ನು ಒಂದೊಂದೇ ಬರುತ್ತವೆ, ಅವಸರ ಮಾಡಬೇಡಿ, ದವಾಖಾನೆಗೆ ಬರುವುದನ್ನೂ ತಪ್ಪಿಸಬೇಡಿ ಅಂದರಂತೆ. ಆಮೇಲೆ ಹಳ್ಳಿಗೆ, ಸಣ್ಣವ್ವನಿಗೆ. ಈಗ ಅವಳ ಹಲ್ಲು ಹೋಗಿವೆ, ಕಿವಿ ಮಂದ. ಅವಳ ಮೊಮ್ಮಗ ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕು. ನಾನು ಕಿರುಚಿ ಹೇಳಿದೆ.

"ಏನಂದ್ಲು? ಬ್ಯಾಡ ಅಂದ್ಲಾ?"

"ಹೂಂ ಸಣ್ಣವ್ವಾ, ಬ್ಯಾಡ ಅಂದ್ಲು!"

"ಛಲೋ ಮಾತಾತು. ಹೆಣ್ಣ ಹುಡುಗಿ ಮೊದಲು ಅದನ್ನಽ ಕಲೀಬೇಕು. ನಾವು ಕಲಿಯೂದ್ರಾಗ ಮುದುಕ್ಯಾರಾದ್ವಿ."

ಮಧ್ಯಾಹ್ನವೇ ಬೇಳೆ ಬೇಯಿಸಿ, ಬೆಲ್ಲ ಹಾಕಿ ಹೂರಣ ಅರೆದೆವು. ಸುದ್ದಿ ಕೇಳಿ ಯಲಬುರ್ಗಾದಿಂದ ಮಗಳು ಬಸ್ಸು ಹತ್ತಿ ಬಂದವಳು ಬ್ಯಾಗು ಇಳಿಸುವ ಮೊದಲೇ ಲಟ್ಟಿಸಲು ಕೂತಳು. ಬಸವರಾಜ ದಿನಕ್ಕಿಂತ ಬೇಗ ಬಂದ. ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿದ್ದಕ್ಕೆ ನಮ್ಮನೆಯವರು ಬೈದರು, ಬೈದು ತಾವೇ ನಕ್ಕರು. ದಿನಾ ಒಬ್ಬೊಬ್ಬರು ಒಂದೊಂದು ಹೊತ್ತಿಗೆ, ಒಂದೊಂದು ಮೂಲೆಯಲ್ಲಿ ಉಣ್ಣುವ ಮನೆ ಇದು. ಇವತ್ತು ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಕೂತೆವು. ಹೋಳಿಗೆ, ಕಟ್ಟಿನ ಸಾರು, ಅನ್ನ, ಬದನೆಕಾಯಿ ಪಲ್ಯ. ಯಾರ ಕೈ ತಟ್ಟೆಗೆ ಹೋಗುತ್ತಿದೆ ಅಂತ ಯಾರಿಗೂ ಲಕ್ಷ್ಯವಿಲ್ಲ, ಎಲ್ಲರ ಕಣ್ಣೂ ಮಗುವಿನ ಬಾಯಿಯ ಮೇಲೆ.

"ಪಲ್ಲೂ, ಅಪ್ಪ ಅನ್ನು. ಅಪ್ಪ..."

"ಸುಮ್ಕಿರ್ರಿ, ಆಕಿನ್ನ ಉಣ್ಣಾಕ ಬಿಡ್ರಿ" ಅಂದಳು ರೇಣುಕಾ.

ಪಲ್ಲವಿ ಅಪ್ಪನ ತೊಡೆ ಏರಿ ಕೂತು, ಅವನ ತಟ್ಟೆಯ ಹೋಳಿಗೆಯನ್ನೇ ಮುರಿದು ತುಪ್ಪದಲ್ಲಿ ಅದ್ದಿ ತಿಂದಳು. ಊಟ ಮುಗಿಯುವವರೆಗೂ ಒಂದು ಮಾತೂ ಆಡಲಿಲ್ಲ. ಎರಡೂ ಕೆನ್ನೆ ಉಬ್ಬುವಷ್ಟು ಬಾಯಿ ತುಂಬಿತ್ತು, ಮಾತಾಡುವುದಾದರೂ ಎಲ್ಲಿಂದ? ಬಸವರಾಜ ಮತ್ತೆ ಕೇಳಲಿಲ್ಲ. ಅವಳ ಗದ್ದದ ಮೇಲಿನ ತುಪ್ಪ ಒರೆಸಿ, ತಟ್ಟೆ ಮುಂದೆ ಚಾಚಿ, "ಇನ್ನೆರಡು ಹಾಕಬೇ" ಅಂದ.